ಹೊಸ ಲ್ಯಾಬ್‌ಗೆ ಯಾವ ನೆರವು? ಮೊತ್ತಕ್ಕಿಂತ ಮೊದಲು ಕ್ಯಾಲೆಂಡರ್ ನೋಡಿ

ಮೇಜಿನ ಮೇಲೆ ಎರಡು ಪತ್ರಗಳಿವೆ ಅಂದುಕೊಳ್ಳಿ. ಒಂದರಲ್ಲಿ ಮೂರು ವರ್ಷಕ್ಕೆ ದೊಡ್ಡ ಮೊತ್ತ, ಜೊತೆಗೆ ಹೊಸ ಮೈಕ್ರೋಸ್ಕೋಪ್ ಕೊಡಿಸುವ ಭರವಸೆ. ಇನ್ನೊಂದರಲ್ಲಿ ಅದರ ಅರ್ಧದಷ್ಟೇ ಹಣ, ಆದರೆ ಆರು ವರ್ಷಕ್ಕೆ, ನಿಮ್ಮ ಸಂಬಳವೂ ಅದರಲ್ಲೇ. ಪಿಎಚ್‌ಡಿ ಆದ ಮೇಲೆ ಬೇರೊಬ್ಬರ ಲ್ಯಾಬ್‌ನಲ್ಲಿ ಮಾಡುವ ಪೋಸ್ಟ್‌ಡಾಕ್ ಮುಗಿಸಿ ಮೊದಲ ಸಲ ಸ್ವಂತ ಲ್ಯಾಬ್ ಹಿಡಿಯಲು ಹೊರಟವರ ಕಣ್ಣು ಮೊದಲ ಪತ್ರದ ಮೇಲೇ ಬೀಳುತ್ತದೆ. ನನ್ನದೂ ಬಿದ್ದಿತ್ತು. ಈಗ ಯಾರಾದರೂ ಕೇಳಿದರೆ ಎರಡನೆಯದನ್ನು ಹಿಡಿಯಿರಿ ಅನ್ನುತ್ತೇನೆ. ಯಾಕೆ ಅನ್ನುವುದಕ್ಕೆ ಈ ಬರಹ.

ಇದು ಮುಖ್ಯವಾಗಿ ಪ್ರಯೋಗ ಮಾಡುವವರಿಗೆ: ಜೀವವಿಜ್ಞಾನ, ರಸಾಯನಶಾಸ್ತ್ರ, ಪ್ರಾಯೋಗಿಕ ಭೌತಶಾಸ್ತ್ರ. ಕಂಪ್ಯೂಟರ್ ಮತ್ತು ಕಪ್ಪುಹಲಗೆ ಇದ್ದರೆ ಸಾಕು ಅನ್ನುವವರು ಉಪಕರಣದ ಮಾತು ಬಂದಲ್ಲೆಲ್ಲ ಹಾರಿಸಿ ಓದಬಹುದು. ನೆರವು ಕೊಡುವ ಕುರ್ಚಿಯಲ್ಲಿ ಕೂತವರಿಗೂ ಕೊನೆಯಲ್ಲಿ ನಾಲ್ಕು ಮಾತಿವೆ.

ಮೊದಲ ಮೂರು ವರ್ಷ ಎಲ್ಲಿ ಹೋಗುತ್ತವೆ

ಕೆಲಸಕ್ಕೆ ಸೇರಿದ ದಿನ ಕೈಗೆ ಬರುವುದು ಬಹಳಷ್ಟು ಸಲ ಒಂದು ಖಾಲಿ ಕೋಣೆ, ಒಂದು ಬೀಗದ ಕೈ. ಸಿಂಕ್ ಸೋರುತ್ತಿರುತ್ತದೆ, ಮೈನಸ್ 80 ಡಿಗ್ರಿಯ ಫ್ರೀಜರ್‌ಗೆ ಬೇಕಾದ ವಿದ್ಯುತ್ ಲೈನ್ ಇರುವುದಿಲ್ಲ. ಉಪಕರಣಕ್ಕೆ ಕೊಟೇಶನ್ ತರಿಸಬೇಕು, ಖರೀದಿ ವಿಭಾಗದ ಪ್ರಶ್ನೆಗಳಿಗೆ ಉತ್ತರ ಬರೆಯಬೇಕು, ಪೆಟ್ಟಿಗೆ ಬಂದಿಳಿದ ಮೇಲೆ ಕಂಪನಿಯ ಎಂಜಿನಿಯರ್ ಬಂದು ಜೋಡಿಸುವ ತನಕ ಕಾಯಬೇಕು. ಇಲಿಗಳ ಮೇಲೆ ಕೆಲಸವಿದ್ದರೆ ಅಥವಾ ರೋಗಿಗಳ ರಕ್ತದ ಮಾದರಿ ಬೇಕಿದ್ದರೆ ನೈತಿಕ ಸಮಿತಿಯ ಅನುಮತಿ ಬೇರೆ. ಮೊದಲ ವಿದ್ಯಾರ್ಥಿ ಬರುವುದು ಪ್ರವೇಶದ ಕಾಲಕ್ಕೇ ಹೊರತು ನಿಮಗೆ ಬೇಕಾದಾಗ ಅಲ್ಲ. ಪೋಸ್ಟ್‌ಡಾಕ್ ಆಗಿದ್ದಾಗ ಕಣ್ಣು ಮುಚ್ಚಿ ಮಾಡುತ್ತಿದ್ದ ಪ್ರಯೋಗ ಹೊಸ ಜಾಗದಲ್ಲಿ, ಹೊಸ ಕೈಯಲ್ಲಿ ಆರು ತಿಂಗಳು ಸತಾಯಿಸುತ್ತದೆ.

ಹೀಗೆ ಮೊದಲ ವರ್ಷವನ್ನು ಕೋಣೆ ನುಂಗುತ್ತದೆ, ಎರಡನೆಯದನ್ನು ಹುಡುಗರಿಗೆ ಕೆಲಸ ಕಲಿಸುವುದು ನುಂಗುತ್ತದೆ. ನೆಚ್ಚಬಹುದಾದ ಫಲಿತಾಂಶ ಕಾಣಿಸಿಕೊಳ್ಳುವುದು ಎರಡನೆಯ ವರ್ಷದ ಕೊನೆಗೋ ಮೂರನೆಯದರಲ್ಲೋ. ಲೇಖನ ಅಚ್ಚಾಗುವುದು ಇನ್ನೂ ಆಮೇಲೆ. ಈಗ ಆ ತುದಿಯಿಂದ ಲೆಕ್ಕ ಹಾಕಿ. ಅನುದಾನಕ್ಕೆ ಅರ್ಜಿ ಹಾಕಿ, ಪರಿಶೀಲನೆ ಮುಗಿದು, ಹಣ ಖಾತೆಗೆ ಬರಲು ಒಂಬತ್ತು ತಿಂಗಳಿಂದ ಒಂದು ವರ್ಷ ಹಿಡಿಯುವುದು ಮಾಮೂಲು, ಅದೂ ಮೊದಲ ಸಲಕ್ಕೇ ಸಿಕ್ಕರೆ. ಅಂದರೆ ಮೂರು ವರ್ಷದ ಹಣ ಹಿಡಿದು ಶುರುಮಾಡಿದವರು ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ಮುಂದಿನ ಅರ್ಜಿ ಬರೆಯಲು ಕೂರಬೇಕು. ತೋರಿಸಲು ಕೈಯಲ್ಲಿ ಏನೂ ಇಲ್ಲದ ಹೊತ್ತು ಅದೇ. ಐದಾರು ವರ್ಷದ ನೆರವಿದ್ದರೆ ಅದೇ ಅರ್ಜಿಯನ್ನು ನಾಲ್ಕನೆಯ ವರ್ಷದಲ್ಲಿ, ಒಂದೆರಡು ಲೇಖನಗಳನ್ನು ಮುಂದಿಟ್ಟು ಬರೆಯುತ್ತೀರಿ.

ಹಾಗಾಗಿ ಯಾವ ನೆರವಿನ ಪತ್ರ ಬಂದರೂ ನಾನು ಮೊದಲು ನೋಡುವುದು ಮುಗಿಯುವ ತಾರೀಕು. ಎರಡನೆಯದು, ನನ್ನ ಸಂಬಳ ಯಾರ ಜೇಬಿನಿಂದ ಬರುತ್ತದೆ ಅನ್ನುವುದು. ದಾರಿ ಬದಲಿಸಲು ಬಿಡುತ್ತಾರೋ ಇಲ್ಲವೋ ಅನ್ನುವುದು ಮೂರನೆಯದು. ಮೊತ್ತ ಇವೆಲ್ಲ ಆದ ಮೇಲೆ.

ಮೂರು ಬಾಗಿಲು

ಸ್ವಂತ ಲ್ಯಾಬ್‌ಗೆ ಹೋಗುವ ಬಾಗಿಲುಗಳು ದೇಶದಿಂದ ದೇಶಕ್ಕೆ ಹೆಸರು ಬದಲಿಸಿದರೂ ಮೂಲದಲ್ಲಿ ಮೂರೇ. ವಿಶ್ವವಿದ್ಯಾಲಯದ ಹುದ್ದೆ ಮತ್ತು ಅದರ ಜೊತೆ ಲ್ಯಾಬ್ ಕಟ್ಟಲೆಂದು ಬರುವ ಸ್ಟಾರ್ಟ್‌ಅಪ್ ಹಣ ಒಂದು. ನಿಮ್ಮ ಹೆಸರಿಗೇ ಬರುವ ಫೆಲೋಶಿಪ್ ಇನ್ನೊಂದು. ಅವಧಿ ಮುಗಿದ ಮೇಲೆ ಹೊರಡಲೇಬೇಕಾದ ಸಂಶೋಧನಾ ಸಂಸ್ಥೆ ಮೂರನೆಯದು.

ಸ್ಟಾರ್ಟ್‌ಅಪ್ ಹಣದ ದೊಡ್ಡ ಗುಣ ಅದರ ಸಡಿಲ. ಹೆಚ್ಚಿನ ಕಡೆ ಅದಕ್ಕೆ ಪ್ರತ್ಯೇಕ ಯೋಜನಾ ವರದಿ ಬೇಡ, ಇಂಥದ್ದಕ್ಕೇ ಖರ್ಚು ಮಾಡಬೇಕೆಂಬ ಕಟ್ಟುಪಾಡು ಕಡಿಮೆ. ಆದರೆ ಪತ್ರದಲ್ಲಿ ಬರೆದ ಮೊತ್ತದೊಳಗೆ ಏನೇನು ಅಡಗಿದೆ ಅನ್ನುವುದನ್ನು ಬಿಡಿಸಿ ಕೇಳಬೇಕು. ಕೋಣೆಯ ದುರಸ್ತಿ ಅದರಲ್ಲೇ ಸೇರಿದೆಯೇ? ವಿದ್ಯಾರ್ಥಿಗಳ ಸ್ಟೈಪೆಂಡ್? ವಿಭಾಗದವರೆಲ್ಲ ಬಳಸುವ ಯಂತ್ರವನ್ನು ನಿಮ್ಮ ಲೆಕ್ಕದಲ್ಲಿ ತೋರಿಸಿದ್ದಾರೆಯೇ? ಇಷ್ಟು ವರ್ಷದೊಳಗೆ ಖರ್ಚಾಗದಿದ್ದರೆ ಉಳಿದದ್ದು ವಾಪಸ್ ಹೋಗುತ್ತದೆಯೇ? ಈ ಕೊನೆಯ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ. ಹಣ ವಾಪಸ್ ಹೋಗುತ್ತದೆಂಬ ಹೆದರಿಕೆಗೆ ಮೂರನೆಯ ವರ್ಷದ ಕೊನೆಯಲ್ಲಿ ಬೇಡದ ಸೆಂಟ್ರಿಫ್ಯೂಜ್ ಕೊಂಡವರನ್ನು ನೋಡಿದ್ದೇನೆ. ಸಂಬಳದ ವಿಷಯವೂ ಹಾಗೇ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಕೊಡುವುದು ಒಂಬತ್ತು ತಿಂಗಳ ಸಂಬಳ. ಬೇಸಿಗೆಯದನ್ನು ನೀವೇ ಅನುದಾನದಿಂದ ತರಬೇಕು. ಅಲ್ಲಿನ ವೈದ್ಯಕೀಯ ಕಾಲೇಜುಗಳಲ್ಲಿ ಸಂಬಳದ ದೊಡ್ಡ ಪಾಲೇ ಅನುದಾನವನ್ನು ನಂಬಿಕೊಂಡಿರಬಹುದು. ಇದಕ್ಕೆ ಸಾಫ್ಟ್ ಮನಿ ಅನ್ನುತ್ತಾರೆ. ಹೆಸರು ಮೆತ್ತಗಿದೆ, ಅನುಭವ ಹಾಗಿರುವುದಿಲ್ಲ.

ಪಾಠದ ಹೊರೆ ಇದೇ ಬಾಗಿಲಿನ ಇನ್ನೊಂದು ಬೆಲೆ. ಹೊಸ ಕೋರ್ಸ್ ಒಂದನ್ನು ಮೊದಲ ಸಲ ಕಲಿಸುವಾಗ ಒಂದು ಗಂಟೆಯ ತರಗತಿಗೆ ಒಂದು ಇಡೀ ದಿನದ ತಯಾರಿ ಹೋಗುತ್ತದೆ. ಮೊದಲ ಎರಡು ವರ್ಷ ಪಾಠ ಕಡಿಮೆ ಮಾಡಿಕೊಡುತ್ತೇವೆ ಎಂದು ಬಾಯಲ್ಲಿ ಹೇಳಿದರೆ ಸಾಲದು, ಪತ್ರದಲ್ಲಿ ಬರಬೇಕು. ವಿಭಾಗದ ಮುಖ್ಯಸ್ಥರು ಬದಲಾಗುತ್ತಾರೆ, ಪತ್ರ ಬದಲಾಗುವುದಿಲ್ಲ.

ಎರಡನೆಯ ಬಾಗಿಲು ನಿಮ್ಮ ಹೆಸರಿನ ಫೆಲೋಶಿಪ್. ಜರ್ಮನಿಯ ಸಂಶೋಧನಾ ಅನುದಾನ ಸಂಸ್ಥೆ ಡಿಎಫ್‌ಜಿ 1999ರಿಂದ ನಡೆಸುತ್ತಿರುವ ಎಮ್ಮಿ ನೋಥರ್ ಕಾರ್ಯಕ್ರಮ ಆರು ವರ್ಷ ಗುಂಪು ನಡೆಸಲು ಕೊಡುತ್ತದೆ, ನಾಯಕರ ಸಂಬಳವೂ ಅದರಲ್ಲೇ. ಬ್ರಿಟನ್ನಿನ ರಾಯಲ್ ಸೊಸೈಟಿಯ ಯೂನಿವರ್ಸಿಟಿ ರಿಸರ್ಚ್ ಫೆಲೋಶಿಪ್ 1983ರಷ್ಟು ಹಳೆಯದು, ಅವಧಿ ಎಂಟು ವರ್ಷ. ಭಾರತದಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ದತ್ತಿ ಸಂಸ್ಥೆ ವೆಲ್‌ಕಮ್ ಸೇರಿ 2008ರಲ್ಲಿ ಹುಟ್ಟುಹಾಕಿದ ಇಂಡಿಯಾ ಅಲಯನ್ಸ್‌ನ ಇಂಟರ್‌ಮೀಡಿಯೇಟ್ ಫೆಲೋಶಿಪ್ ಐದು ವರ್ಷದ್ದು. ಯುರೋಪಿಯನ್ ರಿಸರ್ಚ್ ಕೌನ್ಸಿಲ್, ಅಂದರೆ ಇಆರ್‌ಸಿ, ಕೊಡುವ ಸ್ಟಾರ್ಟಿಂಗ್ ಗ್ರಾಂಟ್ ಐದು ವರ್ಷಕ್ಕೆ 15 ಲಕ್ಷ ಯೂರೋ ತನಕ. ಅದನ್ನು ಪಡೆದವರು ದುಡಿಮೆಯ ಕನಿಷ್ಠ ಅರ್ಧ ಸಮಯವನ್ನು ಆ ಯೋಜನೆಗೇ ಕೊಡಬೇಕು. ಸಂಸ್ಥೆ ಒಗ್ಗದಿದ್ದರೆ ಗ್ರಾಂಟನ್ನು ಎತ್ತಿಕೊಂಡು ಇನ್ನೊಂದು ಸಂಸ್ಥೆಗೆ ಹೋಗಬಹುದು. ಆ ಹೋಗಬಹುದು ಅನ್ನುವ ಒಂದು ಮಾತಿಗೆ ಮಾತುಕತೆಯಲ್ಲಿ ಇರುವ ತೂಕ ಹಣಕ್ಕೂ ಇಲ್ಲ. ಹೊರಡುವ ಶಕ್ತಿ ಇದ್ದವರ ಲ್ಯಾಬ್‌ನ ಸಿಂಕ್ ಬೇಗ ದುರಸ್ತಿಯಾಗುತ್ತದೆ.

ಇದರ ಹುಳುಕು ಬೇರೆ ಕಡೆ ಇದೆ. ಫೆಲೋಶಿಪ್ ಹಿಡಿದು ಬಂದವರನ್ನು ಸಂಸ್ಥೆಗಳು ಎಷ್ಟೋ ಕಡೆ ನೆಂಟರ ಹಾಗೆ ನೋಡುತ್ತವೆ: ಮರ್ಯಾದೆ ಉಂಟು, ಮನೆಯ ಮಾತಿನಲ್ಲಿ ಪಾಲಿಲ್ಲ. ವಿಭಾಗದ ಸಭೆಯಲ್ಲಿ ಮತ ಇದೆಯೇ? ಪಿಎಚ್‌ಡಿ ವಿದ್ಯಾರ್ಥಿಗೆ ನೀವೇ ಅಧಿಕೃತ ಮಾರ್ಗದರ್ಶಕರಾಗಬಹುದೇ, ಅಥವಾ ಹಿರಿಯ ಪ್ರೊಫೆಸರ್ ಒಬ್ಬರ ಸಹಿ ಬೇಕೇ? ಜರ್ಮನಿಯಲ್ಲಿ ಗುಂಪಿನ ನಾಯಕರಿಗೆ ಈ ಹಕ್ಕು ಸಿಗುವುದು ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ರೀತಿ. ಫೆಲೋಶಿಪ್ ಮುಗಿದ ಮೇಲೆ ಕಾಯಂ ಹುದ್ದೆಗೆ ಪರಿಗಣಿಸುತ್ತಾರೆಯೇ? ಆತಿಥೇಯ ಸಂಸ್ಥೆಯ ಬೆಂಬಲ ಪತ್ರದಲ್ಲಿ ಈ ಬಗ್ಗೆ ಒಂದು ಸಾಲಾದರೂ ಇರಲಿ. ಸೂಕ್ತವಾಗಿ ಪರಿಶೀಲಿಸಲಾಗುವುದು ಎಂದು ಬರೆದುಕೊಟ್ಟರೆ ಇಲ್ಲ ಅಂತಲೇ ಓದಿಕೊಳ್ಳಿ.

ಮೂರನೆಯ ಬಾಗಿಲಿಗೆ ಒಳ್ಳೆಯ ಉದಾಹರಣೆ 1974ರಲ್ಲಿ ಹುಟ್ಟಿದ ಯುರೋಪಿನ ಮಾಲಿಕ್ಯುಲರ್ ಬಯಾಲಜಿ ಪ್ರಯೋಗಾಲಯ, ಇಎಂಬಿಎಲ್. ಅಲ್ಲಿ ಗುಂಪಿನ ನಾಯಕರಿಗೆ ಹೆಚ್ಚೆಂದರೆ ಒಂಬತ್ತು ವರ್ಷ. ಲಂಡನ್ನಿನ ಫ್ರಾನ್ಸಿಸ್ ಕ್ರಿಕ್ ಇನ್‌ಸ್ಟಿಟ್ಯೂಟ್ ಹೊಸಬರಿಗೆ ಆರು ವರ್ಷ, ನಡುವೆ ಪರಿಶೀಲನೆ, ಮತ್ತೆ ಆರು ವರ್ಷ ಕೊಡುತ್ತದೆ. ಮ್ಯಾಕ್ಸ್ ಪ್ಲಾಂಕ್ ಸೊಸೈಟಿ 1969ರಿಂದಲೂ ಎಳೆಯರಿಗೆ ಸ್ವತಂತ್ರ ಗುಂಪುಗಳನ್ನು ಕೊಡುತ್ತ ಬಂದಿದೆ. ಇಂಥ ಕಡೆ ಮೂಲ ಖರ್ಚು ಸಂಸ್ಥೆಯದೇ. ಮೊದಲ ದಿನವೇ ಒಂದಿಬ್ಬರ ಸಂಬಳಕ್ಕೆ, ಸಾಮಗ್ರಿಗೆ ಹಣ ಇರುತ್ತದೆ. ಎಲ್ಲರೂ ಹಂಚಿಕೊಂಡು ಬಳಸುವ ಕೋರ್ ಫೆಸಿಲಿಟಿಗಳಲ್ಲಿ ಯಂತ್ರವೂ ಇರುತ್ತದೆ, ಯಂತ್ರ ಬಲ್ಲವರೂ ಇರುತ್ತಾರೆ. ಪಾಠ ಅತಿ ಕಡಿಮೆ. ಪ್ರಯೋಗವೇ ಉಸಿರು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ಗೊತ್ತಿಲ್ಲ.

ಆದರೆ ದೂರದ ಬೆಟ್ಟ ನುಣ್ಣಗೆ. ಒಂಬತ್ತು ವರ್ಷ ಅಂದರೆ ಏಳನೆಯ ವರ್ಷದಲ್ಲೇ ಮುಂದಿನ ಕೆಲಸ ಹುಡುಕಲು ಶುರು. ಹೊರಡುವಾಗ ಇಲಿಗಳ ತಳಿ, ಫ್ರೀಜರ್ ತುಂಬ ಮಾದರಿ, ಅರ್ಧ ಪಿಎಚ್‌ಡಿ ಮಾಡಿದ ವಿದ್ಯಾರ್ಥಿ, ಶಾಲೆಗೆ ಹೋಗುವ ಮಕ್ಕಳು, ಇನ್ನೊಂದು ಕಡೆ ಕೆಲಸ ಹುಡುಕಬೇಕಾದ ಸಂಗಾತಿ, ಎಲ್ಲರೂ ಜೊತೆಯಲ್ಲೇ ಹೊರಡಬೇಕು. ಇನ್ನೊಂದು ಸೂಕ್ಷ್ಮ ಸಂಗತಿ: ಅಷ್ಟು ವರ್ಷ ಪರಿಣತರು ನಡೆಸುವ ಯಂತ್ರಗಳ ನಡುವೆ ಬೆಳೆದ ಲ್ಯಾಬ್, ಅವು ಯಾವುವೂ ಇಲ್ಲದ ಜಾಗಕ್ಕೆ ಹೋಗಿ ನಿಂತಾಗ ಒಂದೆರಡು ವರ್ಷ ಮಂಕಾಗುತ್ತದೆ. ಈ ಬಾಗಿಲು ಹಿಡಿಯುವವರು ಹೊರಗಿನ ಅನುದಾನ ಬೇಕಿಲ್ಲದಿದ್ದರೂ ಒಂದನ್ನಾದರೂ ಗೆದ್ದಿಟ್ಟುಕೊಳ್ಳಬೇಕು. ಅದು ಮುಂದಿನ ಊರಿಗೆ ಟಿಕೆಟ್ ಇದ್ದ ಹಾಗೆ.

ಒಂದೇ ಅಂಕಿ, ಎರಡು ಅರ್ಥ

ಮೊತ್ತಗಳನ್ನು ಹೋಲಿಸುವಾಗ ಓವರ್‌ಹೆಡ್, ಅಂದರೆ ಕಟ್ಟಡ, ಆಡಳಿತಕ್ಕೆಂದು ಸಂಸ್ಥೆ ತೆಗೆದುಕೊಳ್ಳುವ ಪಾಲು, ಒಳಗಿದೆಯೋ ಹೊರಗಿದೆಯೋ ನೋಡದಿದ್ದರೆ ಮೋಸ ಹೋಗುತ್ತೀರಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್‌ನ ಎರಡು ಅನುದಾನಗಳನ್ನೇ ತೆಗೆದುಕೊಳ್ಳಿ. ಪೋಸ್ಟ್‌ಡಾಕ್‌ನಿಂದ ಸ್ವತಂತ್ರ ಹುದ್ದೆಗೆ ದಾಟಿಸುವ ಕೆ99/ಆರ್00 ಅನುದಾನದಲ್ಲಿ ಮೊದಲ ಹಂತ ಹೆಚ್ಚೆಂದರೆ ಎರಡು ವರ್ಷ, ಆಮೇಲಿನ ಸ್ವತಂತ್ರ ಹಂತ ಹೆಚ್ಚೆಂದರೆ ಮೂರು. ಆ ಎರಡನೆಯ ಹಂತದಲ್ಲಿ ವರ್ಷಕ್ಕೆ 2,49,000 ಡಾಲರ್ ತನಕ. ಸಂಬಳ, ಸಂಸ್ಥೆಯ ಪರೋಕ್ಷ ವೆಚ್ಚ ಎಲ್ಲ ಅದರೊಳಗೇ. ಎನ್‌ಐಎಚ್‌ನ ಹೆಸರಾಂತ ಆರ್01ನಲ್ಲಿ ಸರಳ ಬಜೆಟ್ ಪದ್ಧತಿಯ ಮಿತಿ ವರ್ಷಕ್ಕೆ 2,50,000 ಡಾಲರ್. ಆದರೆ ಇದು ನೇರ ವೆಚ್ಚ ಮಾತ್ರ, ಸಂಸ್ಥೆಯ ಪಾಲು ಇದರ ಮೇಲೆ ಬೇರೆ. ಕಾಗದದ ಮೇಲೆ ಅವಳಿ ಜವಳಿ, ಲ್ಯಾಬ್‌ನ ಕೈಗೆ ಬಂದಾಗ ಅಜಗಜಾಂತರ. ಇಆರ್‌ಸಿಯ ಮೊತ್ತದಲ್ಲೂ ಸಂಸ್ಥೆಯ ಪಾಲು ಒಳಗೇ ಇದೆ, ನೇರ ಖರ್ಚಿನ ಶೇ 25ರಷ್ಟು. ಪೂರ್ತಿ 15 ಲಕ್ಷ ಯೂರೋ ಸಿಕ್ಕರೂ ಸಂಶೋಧನೆಗೆ ಉಳಿಯುವುದು ಸುಮಾರು 12 ಲಕ್ಷ.

ಯೋಜನೆಗೋ, ಮನುಷ್ಯನಿಗೋ

ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಇಲ್ಲಿ. ಕೆಲವು ಅನುದಾನಗಳು ಒಂದು ನಿರ್ದಿಷ್ಟ ಯೋಜನೆಗೆ: ಇಂಥ ಮೂರು ಗುರಿ, ಇಂಥ ಪ್ರಯೋಗ, ಇಷ್ಟು ತಿಂಗಳು. ಕೆಲವು ಮನುಷ್ಯನನ್ನು ನಂಬಿ ಕೊಡುವಂಥವು. ಹೊಸ ಲ್ಯಾಬ್‌ಗೆ ಈ ವ್ಯತ್ಯಾಸ ಜೀವ ಉಳಿಸುವಷ್ಟು ದೊಡ್ಡದು. ಯಾಕೆಂದರೆ ಅರ್ಜಿಯಲ್ಲಿ ಬರೆದ ಮೂರು ಗುರಿಗಳಲ್ಲಿ ಒಂದು ಮೊದಲ ವರ್ಷವೇ ಬಿದ್ದುಹೋಗುತ್ತದೆ, ಇನ್ನೊಂದನ್ನು ಬೇರೆ ಯಾರೋ ಪ್ರಕಟಿಸಿರುತ್ತಾರೆ, ಅರ್ಜಿಯಲ್ಲಿ ಇಲ್ಲದೇ ಇದ್ದ ನಾಲ್ಕನೆಯದು ಮಾತ್ರ ಕಣ್ಣು ಮಿಟುಕಿಸುತ್ತಿರುತ್ತದೆ. ಆ ನಾಲ್ಕನೆಯದರ ಬೆನ್ನು ಹತ್ತಲು ಅನುಮತಿ ಬೇಕೋ ಬೇಡವೋ?

ಎನ್‌ಐಎಚ್‌ನ ಒಂದು ಅಂಗವಾದ ಎನ್‌ಐಜಿಎಂಎಸ್ ಕೊಡುವ ಮೀರಾ ಅನುದಾನ ಒಂದು ಯೋಜನೆಯ ಬದಲು ಲ್ಯಾಬ್‌ನ ಇಡೀ ಸಂಶೋಧನೆಗೆ ಐದು ವರ್ಷ ಕೊಡುತ್ತದೆ, ದಾರಿ ಬದಲಿಸಿದರೆ ತಕರಾರಿಲ್ಲ. ಎನ್‌ಐಎಚ್‌ನದೇ ನ್ಯೂ ಇನ್ನೊವೇಟರ್ ಅವಾರ್ಡ್ 2007ರಿಂದ ಇದೆ: ಐದು ವರ್ಷಕ್ಕೆ ನೇರ ವೆಚ್ಚ 15 ಲಕ್ಷ ಡಾಲರ್ ತನಕ, ಪ್ರಾಥಮಿಕ ಫಲಿತಾಂಶ ಕಡ್ಡಾಯವಲ್ಲ. ಸ್ಟ್ರಾಸ್‌ಬರ್ಗ್‌ನಿಂದ ನಡೆಯುವ ಹ್ಯೂಮನ್ ಫ್ರಾಂಟಿಯರ್ ಸೈನ್ಸ್ ಪ್ರೋಗ್ರಾಂ ಬೇರೆ ಬೇರೆ ದೇಶಗಳ ಹೊಸ ಲ್ಯಾಬ್‌ಗಳು ಕೂಡಿ ಅರ್ಜಿ ಹಾಕಿದರೆ ಮೂರು ವರ್ಷ ಹಣ ಕೊಡುತ್ತದೆ, ಅಲ್ಲೂ ಮೊದಲೇ ಫಲಿತಾಂಶ ಕೇಳುವುದಿಲ್ಲ. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಎನ್‌ಎಸ್‌ಎಫ್‌ನ ಕೆರಿಯರ್ ಅನುದಾನ: ಐದು ವರ್ಷಕ್ಕೆ ಕನಿಷ್ಠ 4 ಲಕ್ಷ ಡಾಲರ್, ಆದರೆ ಸಂಶೋಧನೆಯ ಜೊತೆ ಶಿಕ್ಷಣದ ಯೋಜನೆಯೂ ಹೆಣೆದುಕೊಂಡಿರಬೇಕು. ಕಲಿಸುವುದರಲ್ಲಿ ನಿಜವಾದ ಆಸೆ ಇದ್ದವರಿಗೆ ಇದು ಚೆಂದ. ಆಸೆ ಇಲ್ಲದೆ ಬರೆದರೆ ಓದುವವರಿಗೆ ಎರಡನೇ ಪುಟದಲ್ಲೇ ಗೊತ್ತಾಗುತ್ತದೆ.

ಮನುಷ್ಯನನ್ನು ನಂಬಿದರೆ ಏನಾಗುತ್ತದೆ ಅನ್ನುವುದನ್ನು ಅಜೂಲೆ, ಗ್ರಾಫ್ ಜಿವಿನ್ ಮತ್ತು ಮಾನ್ಸೊ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ಅಳೆದು ನೋಡಿದರು. ಹೋವರ್ಡ್ ಹ್ಯೂಸ್ ವೈದ್ಯಕೀಯ ಸಂಸ್ಥೆ ದೀರ್ಘ ಅವಧಿಗೆ, ಆರಂಭದ ಸೋಲನ್ನು ಸಹಿಸಿಕೊಂಡು, ವ್ಯಕ್ತಿಗೆ ಹಣ ಕೊಡುತ್ತದೆ. ಆ ವಿಜ್ಞಾನಿಗಳನ್ನು, ಅವರಷ್ಟೇ ಸಾಧನೆ ಮಾಡಿದ್ದು ಎನ್‌ಐಎಚ್ ಹಣದಲ್ಲಿ ನಡೆಯುತ್ತಿದ್ದವರ ಪಕ್ಕದಲ್ಲಿಟ್ಟು ನೋಡಿದಾಗ, ಹ್ಯೂಸ್ ಕಡೆಯವರಿಂದ ಬಹಳ ಉಲ್ಲೇಖ ಪಡೆದ ಲೇಖನಗಳು ಎಷ್ಟೋ ಹೆಚ್ಚು ಬಂದಿದ್ದವು. ಮಕಾಡೆ ಮಲಗಿದ ಲೇಖನಗಳೂ ಅವರ ಕಡೆಯೇ ಹೆಚ್ಚು, ಇದನ್ನು ಮರೆಯಬಾರದು. ಇನ್ನೊಂದು ಎಚ್ಚರಿಕೆ: ಅವರಾರೂ ನಿನ್ನೆ ಲ್ಯಾಬ್ ತೆರೆದವರಲ್ಲ, ಆಗಲೇ ಹೆಸರು ಮಾಡಿದ್ದವರು. ಆದರೂ ನನ್ನ ಒಲವು ಆ ಕಡೆಗೇ. ಎರಡು ಅನುದಾನಗಳಲ್ಲಿ ಒಂದನ್ನು ಆರಿಸಬೇಕಾದರೆ ಮತ್ತು ಅವಧಿ ಸಮನಾಗಿದ್ದರೆ, ಶೇ 20–30 ಕಡಿಮೆ ಹಣವಾದರೂ ಸಡಿಲವಿದ್ದದ್ದನ್ನೇ ಹಿಡಿಯುತ್ತೇನೆ.

ಚಿಕ್ಕ ಪ್ರಶಸ್ತಿಗಳ ಬಗ್ಗೆ ಒಂದೇ ಮಾತು. 1955ರಿಂದ ಇರುವ ಸ್ಲೋನ್ ಫೆಲೋಶಿಪ್ ಎರಡು ವರ್ಷಕ್ಕೆ ಕೊಡುವುದು 75,000 ಡಾಲರ್ ಮಾತ್ರ, ಆದರೆ ಸಂಶೋಧನೆಗಾಗಿ ಹೇಗೆ ಬೇಕಾದರೂ ಬಳಸಬಹುದು. ಇಂಥದ್ದಕ್ಕೆ ಅರ್ಜಿ ಹಾಕಿ. ಅದೇ ಮೊತ್ತಕ್ಕೆ ಮೂರು ತಿಂಗಳಿಗೊಂದು ವರದಿ ಕೇಳುವವರಿಂದ ದೂರವಿರಿ.

ಹಣವಲ್ಲದ ನೆರವು

ಎಂಟು ವರ್ಷ ತರಬೇತಿ ಪಡೆದದ್ದು ಪಿಪೆಟ್ ಹಿಡಿಯಲು, ದತ್ತಾಂಶ ಓದಲು. ಲ್ಯಾಬ್ ಕೈಗೆ ಬಂದ ಮರುದಿನದಿಂದ ಮಾಡುವುದು ಸಂದರ್ಶನ, ಬಜೆಟ್, ಇಬ್ಬರು ವಿದ್ಯಾರ್ಥಿಗಳ ಜಗಳ ಬಿಡಿಸುವುದು, ಕೆಲಸ ಸಾಗದವರಿಗೆ ಸಾಗುತ್ತಿಲ್ಲ ಎಂದು ಹೇಳುವುದು. ಇದನ್ನು ಯಾರೂ ಕಲಿಸಿರುವುದಿಲ್ಲ. ಯುರೋಪಿನ ಜೀವವಿಜ್ಞಾನಿಗಳ ಎಂಬೊ ಸಂಸ್ಥೆ ಹೊಸ ಗುಂಪು ನಾಯಕರಿಗೆ ಲ್ಯಾಬ್ ನಡೆಸುವ ಬಗ್ಗೆಯೇ ಕೋರ್ಸ್ ನಡೆಸುತ್ತದೆ. 2000ದಲ್ಲಿ ಶುರುವಾದ ಅದರ ಯಂಗ್ ಇನ್ವೆಸ್ಟಿಗೇಟರ್ ಕಾರ್ಯಕ್ರಮ ನಾಲ್ಕು ವರ್ಷದ್ದು. ಕೈಗೆ ಬರುವ ಹಣ 15,000 ಯೂರೋ ಅಷ್ಟೆ, ಆದರೂ ಪೈಪೋಟಿ ಜೋರು. ಬೆಲೆ ಇರುವುದು ಅದರ ಬಳಗಕ್ಕೆ: ನಿಮ್ಮಷ್ಟೇ ಹೊಸಬರು, ನಿಮ್ಮ ಸಂಸ್ಥೆಯವರಲ್ಲದವರು, ಮುಚ್ಚುಮರೆ ಇಲ್ಲದೆ ಮಾತಾಡಬಹುದಾದವರು. ಭಾರತದಲ್ಲಿ 2009ರಿಂದ ನಡೆಯುತ್ತಿರುವ ಯಂಗ್ ಇನ್ವೆಸ್ಟಿಗೇಟರ್ಸ್ ಮೀಟಿಂಗ್ ಇಂಥದ್ದೇ ಕೂಟ.

ಹಿರಿಯ ಮೆಂಟರ್ ಬೇಕೋ, ಸಮವಯಸ್ಕರ ಬಳಗ ಬೇಕೋ? ಎರಡೂ ಬೇಕು ಅನ್ನುವುದು ಸುಲಭದ ಉತ್ತರ. ಒಂದನ್ನೇ ಆರಿಸಿ ಅಂದರೆ ನಾನು ಬಳಗ ಅನ್ನುತ್ತೇನೆ. ಹಿರಿಯರು ಲ್ಯಾಬ್ ಶುರುಮಾಡಿದ ಕಾಲದ ನಿಯಮಗಳೇ ಬೇರೆ ಇದ್ದವು. ಮೇಲಾಗಿ ನಿಮ್ಮದೇ ವಿಭಾಗದ ಹಿರಿಯರು ಮುಂದೆ ನಿಮ್ಮ ಕಾಯಂ ಹುದ್ದೆಯ ಸಮಿತಿಯಲ್ಲೂ ಕೂರಬಹುದು. ಅವರ ಮುಂದೆ ನನ್ನ ವಿದ್ಯಾರ್ಥಿ ಬಿಟ್ಟುಹೋದ ಎಂದು ಹೇಳಿಕೊಳ್ಳಲು ಯಾರಿಗೆ ಧೈರ್ಯ? ಮೆಂಟರ್ ಬೇಕೆಂದರೆ ಬೇರೆ ಸಂಸ್ಥೆಯವರನ್ನು, ಬೇರೆ ವಿಷಯದವರನ್ನು ಹಿಡಿಯಿರಿ.

ಜನರನ್ನು ಸೇರಿಸಿಕೊಳ್ಳುವ ವಿಷಯದಲ್ಲಿ ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದಕ್ಕಿಂತ ಇನ್ನೂ ಸ್ವಲ್ಪ ಮುದುಡಿಕೊಂಡರೂ ನಷ್ಟವಿಲ್ಲ. ಮೊದಲ ವರ್ಷ ಐದು ಜನರನ್ನು ಒಟ್ಟಿಗೆ ತಂದರೆ ಐವರಿಗೂ ಕಲಿಸುವವರು ನೀವೊಬ್ಬರೇ. ಮೊದಲ ನೇಮಕ ಒಬ್ಬ ಅನುಭವಿ ತಂತ್ರಜ್ಞರದೋ ಲ್ಯಾಬ್ ಮ್ಯಾನೇಜರ್‌ದೋ ಆಗಲಿ. ಆರ್ಡರ್, ಸುರಕ್ಷತಾ ಕಾಗದ, ಫ್ರೀಜರ್‌ನ ಪಟ್ಟಿ ಅವರ ಕೈಗೆ ಹೋದರೆ ವಾರಕ್ಕೆ ಒಂದೂವರೆ ದಿನ ನಿಮಗೆ ವಾಪಸ್ ಸಿಗುತ್ತದೆ. ನೀವೇ ಪ್ರಯೋಗಕ್ಕೆ ನಿಲ್ಲುವುದನ್ನು ಮೊದಲ ಎರಡು ವರ್ಷ ಬಿಡಬೇಡಿ. ಆ ಲ್ಯಾಬ್‌ನಲ್ಲಿ ಸದ್ಯಕ್ಕೆ ನಿಮ್ಮಷ್ಟು ಪಳಗಿದ ಕೈ ಇನ್ನೊಂದಿಲ್ಲ.

ಮೈಕ್ರೋಸ್ಕೋಪ್‌ನ ಮಾತಿಗೆ ವಾಪಸ್ ಬರುತ್ತೇನೆ. ನಾನು ಮೊದಲ ವರ್ಷವೇ ಕೊಂಡೆ. ವಾರಂಟಿ ಮುಗಿದ ಮೇಲೆ ಸರ್ವಿಸ್ ಕಾಂಟ್ರಾಕ್ಟ್‌ಗೆ ವರ್ಷಕ್ಕೆ ಯಂತ್ರದ ಬೆಲೆಯ ಹತ್ತನೇ ಒಂದು ಪಾಲಿನಷ್ಟು ಬೇಕಾಗುತ್ತದೆ ಎಂದು ಕೊಳ್ಳುವಾಗ ಕೇಳಿರಲಿಲ್ಲ. ನಾಲ್ಕನೆಯ ವರ್ಷ ಲೇಸರ್ ಕೆಟ್ಟಿತು. ದುರಸ್ತಿಗೆ ಹಣವಿಲ್ಲ, ನಡೆಸಬಲ್ಲ ಹುಡುಗನೂ ಬಿಟ್ಟುಹೋಗಿದ್ದ. ಎಂಟು ತಿಂಗಳು ಅದರ ಮೇಲೆ ಬಟ್ಟೆ ಹೊದಿಸಿಟ್ಟಿದ್ದೆವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ. ವಾರದಲ್ಲಿ ಎರಡು ದಿನಕ್ಕಿಂತ ಕಡಿಮೆ ಬಳಸುವ ಯಾವ ದೊಡ್ಡ ಯಂತ್ರವನ್ನೂ ಸ್ವಂತಕ್ಕೆ ಕೊಳ್ಳಬೇಡಿ. ಹಂಚಿಕೊಂಡು ಬಳಸುವ ಕೋರ್ ಫೆಸಿಲಿಟಿ ಇರುವ ಸಂಸ್ಥೆಯನ್ನು ಆರಿಸಿಕೊಳ್ಳಿ.

ಸಿಗದಿದ್ದರೆ

ಆಯ್ಕೆ ಮಾಡಿಕೊಳ್ಳಲು ಎರಡು ಪತ್ರ ಬರುವುದು ಅದೃಷ್ಟವಂತರಿಗೆ. ಉಳಿದವರ ಮುಂದಿರುವುದು ಮತ್ತೆ ಅರ್ಜಿ ಹಾಕಬೇಕೋ ಬಿಡಬೇಕೋ ಅನ್ನುವ ಆಯ್ಕೆ. ಇಲ್ಲಿ ಎರಡು ಅಧ್ಯಯನಗಳನ್ನು ಒಟ್ಟಿಗೆ ಓದಬೇಕು. ನೆದರ್ಲೆಂಡ್ಸ್‌ನಲ್ಲಿ ಹೊಸ ಪಿಎಚ್‌ಡಿಗಳಿಗೆ ಕೊಡುವ ಅನುದಾನದ ಲೆಕ್ಕ ತೆಗೆದವರು 2018ರಲ್ಲಿ ತೋರಿಸಿದ್ದು: ಕೂದಲೆಳೆಯಲ್ಲಿ ಗೆದ್ದವರು ಮುಂದಿನ ಎಂಟು ವರ್ಷದಲ್ಲಿ, ಕೂದಲೆಳೆಯಲ್ಲಿ ಸೋತವರಿಗಿಂತ ಎರಡು ಪಟ್ಟಿಗೂ ಹೆಚ್ಚು ಸಂಶೋಧನಾ ಹಣ ಕೂಡಿಹಾಕಿದರು. ಕಾರಣದ ಒಂದು ಪಾಲು, ಸೋತವರು ಆಮೇಲೆ ಅರ್ಜಿ ಹಾಕುವುದನ್ನೇ ಕಡಿಮೆ ಮಾಡಿದ್ದು. ಎನ್‌ಐಎಚ್‌ನ ಆರ್01ಗೆ ಅರ್ಜಿ ಹಾಕಿದ ಎಳೆಯರ ಬಗ್ಗೆ 2019ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ಸ್ವಲ್ಪದರಲ್ಲಿ ತಪ್ಪಿಸಿಕೊಂಡವರಲ್ಲಿ ಕಣದಿಂದಲೇ ಹೊರಗೆ ಹೋದವರು ಹೆಚ್ಚು. ಬಿಡದೆ ಉಳಿದವರ ಕೆಲಸ ಮಾತ್ರ ಹತ್ತು ವರ್ಷದಲ್ಲಿ, ಸ್ವಲ್ಪದರಲ್ಲಿ ಗೆದ್ದವರ ಕೆಲಸವನ್ನು ಮೀರಿಸಿತ್ತು. ಅಂಕದ ಗೆರೆಯ ಹತ್ತಿರ ಬಿದ್ದಿದ್ದರೆ ವಿಮರ್ಶಕರ ಟಿಪ್ಪಣಿ ಹಿಡಿದು ಮುಂದಿನ ಸುತ್ತಿಗೇ ಹಾಕಿ. ಗೆರೆಯಿಂದ ಬಹಳ ದೂರ ಬಿದ್ದಿದ್ದರೆ ಅದೇ ಅರ್ಜಿಯನ್ನು ಉಜ್ಜುವುದು ಬಿಟ್ಟು ಹೊಸ ಪ್ರಶ್ನೆ ಹುಡುಕಿ.

ಅರ್ಹತೆಯ ಅವಧಿಯನ್ನೂ ಒಮ್ಮೆ ಸರಿಯಾಗಿ ಓದಿ. ಪಿಎಚ್‌ಡಿ ಆದ ಇಷ್ಟು ವರ್ಷದೊಳಗೆ ಅನ್ನುವ ಮಿತಿ ಹಲವು ಕಡೆ ಇದೆ. ಎನ್‌ಐಎಚ್‌ನ ಆರಂಭಿಕ ಸಂಶೋಧಕ ಪಟ್ಟಕ್ಕೆ ಅದು 10 ವರ್ಷ. ಇಆರ್‌ಸಿ ತಾಯಂದಿರಿಗೆ ಒಂದು ಮಗುವಿಗೆ 18 ತಿಂಗಳಂತೆ ಈ ಮಿತಿಯನ್ನು ಹಿಗ್ಗಿಸುತ್ತದೆ. ಎನ್‌ಐಎಚ್‌ನಲ್ಲೂ ಹೆರಿಗೆಗೆ ಒಂದು ವರ್ಷ ಸೇರುತ್ತದೆ. ಕೇಳಿಕೊಳ್ಳಲು ಸಂಕೋಚಪಟ್ಟು ಈ ಅವಕಾಶ ಕಳೆದುಕೊಂಡವರಿದ್ದಾರೆ.

ಕೊಡುವ ಕಡೆಯವರಿಗೆ

ನಿಮ್ಮ ಬಳಿ ಹಣ ಸೀಮಿತವಾಗಿದ್ದರೆ, ಒಬ್ಬರಿಗೆ ಬೆರಗಾಗುವಂಥ ಪ್ಯಾಕೇಜ್ ಕೊಡುವುದಕ್ಕಿಂತ ಮೂರು ನಾಲ್ಕು ಹೊಸ ಲ್ಯಾಬ್‌ಗಳ ನಡುವೆ ಒಬ್ಬ ಲ್ಯಾಬ್ ಮ್ಯಾನೇಜರ್ ಇಡಿ. ಅದಾದ ಮೇಲೆ, ಒಂದು ಅನುದಾನ ಮುಗಿದು ಇನ್ನೊಂದು ಬರುವ ತನಕ ಇರುವ ಜನರನ್ನು ಕಳೆದುಕೊಳ್ಳದ ಹಾಗೆ ಆರೇಳು ತಿಂಗಳ ಸೇತುವೆ ಹಣ ತೆಗೆದಿಡಿ. ಪಳಗಿದ ಪೋಸ್ಟ್‌ಡಾಕ್ ಒಬ್ಬರು ಹಣವಿಲ್ಲವೆಂದು ಹೊರಟರೆ ಹೊಸಬರು ಆ ಮಟ್ಟಕ್ಕೆ ಬರಲು ಒಂದು ವರ್ಷ ಬೇಕು. ಖರೀದಿಯ ಕಡತ ಎಷ್ಟು ಮೇಜು ದಾಟುತ್ತದೆ ಎಂದು ಎಣಿಸಿ, ಎರಡು ಮೇಜು ಕಡಿಮೆ ಮಾಡಿ. ಇದಕ್ಕೆ ಬಿಡಿಗಾಸೂ ಬೇಡ. ಹೊಸಬರನ್ನು ಎಲ್ಲ ಸಮಿತಿಗಳಿಗೂ ಹಾಕುವ ಚಟ ಬಿಡಿ. ವಿಭಾಗದಲ್ಲಿ ಒಬ್ಬರೇ ಯುವ ಮಹಿಳಾ ವಿಜ್ಞಾನಿ ಇದ್ದರಂತೂ ಪ್ರತಿ ಸಮಿತಿಗೂ ಅವರೇ ಬೇಕಾಗುತ್ತಾರೆ, ಕೊನೆಗೆ ಲೇಖನ ಎಲ್ಲಿ ಎಂದು ಕೇಳುವುದೂ ಅವರನ್ನೇ.

ಪರಿಶೀಲನೆಯನ್ನು ಮೂರನೆಯ ವರ್ಷಕ್ಕೆ ಇಟ್ಟಿದ್ದರೆ ಅಲ್ಲಿ ಲೇಖನ ಎಣಿಸಬೇಡಿ. ಲ್ಯಾಬ್ ನಿಂತಿದೆಯೇ, ಜನ ಉಳಿದಿದ್ದಾರೆಯೇ, ಪ್ರಶ್ನೆ ಹರಿತವಾಗಿದೆಯೇ ನೋಡಿ.

ಇನ್ನು ಪತ್ರ ಕೈಯಲ್ಲಿ ಹಿಡಿದು ಕೂತವರಿಗೆ. ಸಹಿ ಹಾಕುವ ಮೊದಲು ಆ ಸಂಸ್ಥೆಯಲ್ಲಿ ಮೂರು ವರ್ಷದ ಹಿಂದೆ ಸೇರಿದ ಗುಂಪು ನಾಯಕರೊಬ್ಬರಿಗೆ ಫೋನ್ ಮಾಡಿ. ನಿರ್ದೇಶಕರು ಹೆಸರು ಸೂಚಿಸಿದವರಿಗೆ ಬೇಡ, ನೀವೇ ಹುಡುಕಿದವರಿಗೆ. ಕೊಟ್ಟ ಮಾತಿನ ಜಾಗ ಎಷ್ಟು ತಿಂಗಳಿಗೆ ಸಿಕ್ಕಿತು, ಮೊದಲ ಆರ್ಡರ್ ಎಷ್ಟು ವಾರಕ್ಕೆ ಬಂತು, ಪಾಠ ನಿಜಕ್ಕೂ ಕಡಿಮೆ ಇತ್ತೇ, ಈಗ ಮತ್ತೆ ಆರಿಸಬೇಕಾಗಿ ಬಂದರೆ ಇಲ್ಲಿಗೇ ಬರುತ್ತೀರಾ ಎಂದು ಕೇಳಿ. ಕೊನೆಯ ಪ್ರಶ್ನೆಗೆ ಅವರು ಮಾತು ನಿಲ್ಲಿಸಿ, ಬಾಗಿಲು ಹಾಕಿಕೊಂಡು ಬರುತ್ತೇನೆ ಒಂದು ನಿಮಿಷ ಅಂದರೆ, ಆ ಒಂದು ನಿಮಿಷ ಕಾದು ಪೂರ್ತಿ ಕೇಳಿಸಿಕೊಳ್ಳಿ.